ಏಡಿಬಿಲ

ನಮ್ಮದು ಒಂದೆಕರೆ ಎಂಟು ಗುಂಟೆ, ಕೊನೇ ತೂಬಿನ ಕೆಳಗೆ.
ಮೇಲಿನ ಊರುಗಳೆಲ್ಲ ಕುಡಿದು ಬಾಯಿ ಒರೆಸಿಕೊಂಡ ಮೇಲೆ
ನಾಲೆ ಮಳವಳ್ಳಿ ಕಡೆ ತಿರುಗಿ ನೋಡುತ್ತದೆ,
ಅದೂ ರಾತ್ರಿ ಹೊತ್ತು.

ಎರಡು ವಾರಕ್ಕೊಂದು ಮಂಗಳವಾರ, ಹತ್ತರಿಂದ ಎರಡೂವರೆ.
ನೀರುಗಂಟಿ ಬೋರಲಿಂಗ ಬೀಡಿ ಕಚ್ಚಿಕೊಂಡೇ ಹೇಳುತ್ತಾನೆ:
"ಅಕ್ಕಾ, ಒಂದು ಗಳಿಗೆ ಹೆಚ್ಚಿಲ್ಲ, ಒಂದು ಗಳಿಗೆ ಕಮ್ಮಿ ಇಲ್ಲ."
ಅವನ ಗಡಿಯಾರ ಹತ್ತು ನಿಮಿಷ ಮುಂದೆ.
ನಾನು ಹೇಳುವುದಿಲ್ಲ. ಹೇಳಿದರೆ ಇಪ್ಪತ್ತಾಗುತ್ತದೆ.

ಗಂಡ ಹಗಲೆಲ್ಲ ಆಲೆಮನೆಯ ಕೊಪ್ಪರಿಗೆಯ ಮುಂದೆ ಬೆಂದು ಬರುತ್ತಾನೆ;
ರಾತ್ರಿಯ ನೀರು ನನ್ನದು.
ಮೇಲಿನ ಮೂಲೆಗೆ ರಾಗಿ, ನಡುನಡುವೆ ಅವರೆಯ ಅಕ್ಕಡಿ ಸಾಲು,
ತಗ್ಗಿನಲ್ಲಿ ರಾಜಮುಡಿ, ಬದುವಿನ ಮೇಲೆ ತೊಗರಿ,
ಏಳು ತೆಂಗು, ಒಂದು ಎಮ್ಮೆ, ಒಂದು ತಿಪ್ಪೆ.
ಅಂಗಡಿಯಿಂದ ಬರುವುದು ಉಪ್ಪು, ಬೆಂಕಿಪೊಟ್ಟಣ, ಮಗಳ ನೋಟುಬುಕ್ಕು.
ಸತ್ತ ಅತ್ತೆಯ ಮಾತು ಇನ್ನೂ ಒಲೆಯ ಮುಂದೆ ಕೂತಿದೆ:
'ಸಾಲದು' ಅಂದ ದಿನವೇ 'ಸಾಲ' ಹೊಸಿಲು ದಾಟುತ್ತದೆ.

ಹಾಗಾಗಿ ನಾನು ಅಳೆಯುತ್ತೇನೆ.
ಗದ್ದೆಯ ನಡುವೆ ಒಂದು ಕಡ್ಡಿ ನೆಟ್ಟು ಗೆರೆ ಕೊಯ್ದಿದ್ದೆ:
ಬೆಳಗಿಗೆ ನಾಲ್ಕು ಬೆರಳು ಇಳಿದಿತ್ತು.
ಕಳ್ಳ ಯಾರು?
ಬ್ಯಾಟರಿ ಆರಿಸಿ, ಬದುವಿಗೆ ಕಿವಿಯಿಟ್ಟೆ.
ಗುಳುಗುಳು, ಗುಳುಗುಳು:
ಕತ್ತಲಲ್ಲಿ ಯಾರೋ ಒಬ್ಬರೇ ಕೂತು ಗುಟ್ಟಾಗಿ ಕುಡಿಯುವ ಹಾಗೆ.

ಏಡಿಬಿಲ.
ಹುಲ್ಲು ತುರುಕಿದೆ, ಜೇಡಿಮಣ್ಣು ಮೆತ್ತಿದೆ, ಹಿಮ್ಮಡಿಯಲ್ಲಿ ತುಳಿದೆ.
ಏಡಿ ದೂರ ಸರಿದು, ಕಣ್ಣುಗಳನ್ನು ಕಡ್ಡಿಯ ಮೇಲೆತ್ತಿ
ನನ್ನ ಕೆಲಸವನ್ನು ಪೂರ್ತಿ ನೋಡಿತು.
ಕ್ಯಾಲೆಂಡರಿನ ಹಿಂದೆ ಬರೆದೆ: ನಾಲ್ಕು ಬೆರಳು ಉಳಿತಾಯ.

ಕೆಳಗಿನ ಆರು ಗುಂಟೆ ಮಂಚಮ್ಮನದು.
ಕಾಗದದಲ್ಲಿ ಆ ನೆಲಕ್ಕೆ ನೀರಿಲ್ಲ, ಸರದಿ ಇಲ್ಲ,
ಆದರೂ ಕೆಸವು ಆನೆಕಿವಿಯಷ್ಟಗಲ ಬಿಡುತ್ತಿತ್ತು.
ಹೇಗೆ ಅಂತ ನಾನು ಕೇಳಿದವಳಲ್ಲ.
ಅವಳೂ ಈಗ ಕೇಳಲಿಲ್ಲ.
ಬರೀ, ಶುಕ್ರವಾರ ಬದುವಿನ ಮೇಲಿಟ್ಟು ಹೋಗುತ್ತಿದ್ದ
ದಂಟಿನ ಕಟ್ಟು ನಿಂತುಹೋಯಿತು.
ಎರಡನೇ ಶುಕ್ರವಾರ. ಮೂರನೇ ಶುಕ್ರವಾರ.
ಕೆಸವಿನ ಎಲೆ ಅಂಚಿನಿಂದ ಕಾಗದವಾಗುತ್ತಾ ಬಂತು.

ಮಗಳು ಕೊಡ ತಂದಿಟ್ಟು ಅಂದಳು:
"ಅವ್ವಾ, ಬಾವಿ ಹಗ್ಗ ನುಂಗ್ತಾ ಅದೆ."
ಹೋಗಿ ನೋಡಿದೆ. ಮೂರು ಮೊಳ.
ಬಗ್ಗಿ ನೋಡಿದರೆ, ಕೆಸವಿನ ಕಡೆಯ ಗೋಡೆ,
ಸದಾ ಬೆವೆತು ಪಾಚಿ ಹಿಡಿದಿದ್ದ ಗೋಡೆ,
ಒಣಗಿ ಬೂದಿಯ ಬಣ್ಣ.

ಎಷ್ಟು ಹೊತ್ತು ಬಗ್ಗಿದ್ದೆನೋ.
ನನ್ನ ಮುಖ ಮೂರು ಮೊಳ ದೂರ ಹೋಗಿ ಕೂತಿತ್ತು ಅಲ್ಲಿ.
ನನ್ನ ಗದ್ದೆಯಿಂದ ಅವಳ ಕೆಸರಿಗೆ,
ಅವಳ ಕೆಸರಿಂದ ನನ್ನ ಕೊಡಕ್ಕೆ:
ಕಳುವಾಯಿತೆಂದು ನಾನು ಬರೆದುಕೊಂಡ ನೀರು
ಸುತ್ತು ಹಾಕಿ ಮನೆಗೇ ಬರುತ್ತಿತ್ತು,
ನಡುವೆ ಒಂದು ಸಂಸಾರಕ್ಕೆ ಊಟ ಹಾಕಿ.

ಮುಂದಿನ ಮಂಗಳವಾರ ಕುಡುಗೋಲ ತುದಿಯಲ್ಲಿ ಬಿಲ ಬಿಡಿಸಿದೆ.
ಮಣ್ಣು ಕುಸಿಯದಿರಲೆಂದು ಒಂದು ಹಸಿರು ಬಳೆ ಕಳಚಿ
ಬಾಯಿಗೆ ಕೂರಿಸಿದೆ.
(ಮುತ್ತೈದೆ ಬಳೆ ಕಳಚಬಾರದಂತೆ. ಒಂದಲ್ಲವೇ. ಕತ್ತಲಲ್ಲವೇ.)
ಬಳೆಯೊಳಗಿಂದ ನೀರು ಕೈ ತೂರಿಸಿ ಹೋಯಿತು.

ಎರಡೂವರೆಗೆ, ಅಂದರೆ ಎರಡು ಇಪ್ಪತ್ತಕ್ಕೆ,
ಬೋರಲಿಂಗ ಕೂಗಿದ: "ತುಂಬ್ತಾ ಅಕ್ಕಾ?"
"ತುಂಬ್ತು. ಒಂದು ಬಳೆ ಕಮ್ಮಿ."
ಅವನಿಗೆ ಅರ್ಥವಾಗಲಿಲ್ಲ. ತೂಬು ಇಳಿಸಿದ.

ಶುಕ್ರವಾರ ಬದುವಿನ ಮೇಲೆ ದಂಟಿರಲಿಲ್ಲ.
ಮಂಚಮ್ಮನೇ ಇದ್ದಳು, ಸೊಂಟಕ್ಕೆ ಕೈಕೊಟ್ಟು, ಬಿಲದತ್ತ ಬಗ್ಗಿ:
"ಇಷ್ಟು ಬುಟ್ರೆ ನನ್ನ ಕೆಸ ಕೊಳ್ತೋಯ್ತದೆ ಕಣವ್ವ.
ನಿನ್ನ ಮಗಳ ಬಳೆ ಅಳತೆ ಸಾಕು."