ಮುಂದಿನ ಬ್ಯಾಚಿನವರಿಗೆ

ಮೊದಲು ಲೆಕ್ಕ: ಆರು ಸಾವಿರದ ನಾನೂರು ರೂಪಾಯಿ.
ಅದರಲ್ಲಿ ಒಂಬೈನೂರು ಪೆಟ್ರೋಲಿಗೆ, ಯಾಕೆಂದರೆ
ನಮ್ಮ ಬೆಳದಿಂಗಳು ಲೋಲಾಕ್ಷನ ಬೈಕಿನ ಹೆಡ್‌ಲೈಟು.
ಎಂಜಿನ್ ನಿಲ್ಲಿಸಿದರೆ ಚಂದ್ರ ಆರುತ್ತಿದ್ದ,
ನಿಲ್ಲಿಸದಿದ್ದರೆ ದೆವ್ವದ ಮಾತು ಕೇಳಿಸುತ್ತಿರಲಿಲ್ಲ.
ದೆವ್ವದ ಮಾತು ಕಡಿಮೆ ಮಾಡಿದೆವು.
ಇಡೀ ಚಿತ್ರಕಥೆಯಲ್ಲಿ ಅದೊಂದೇ ಒಳ್ಳೆಯ ತಿದ್ದುಪಡಿ.

ರಕ್ತಕ್ಕೆ ಬೆಲ್ಲದ ಪಾಕ ಹಾಕಬೇಡಿ.
ಅಮ್ಮತ್ತಿಯ ಆಚೆ, ಹಳೇ ಪಲ್ಪರ್ ಮನೆಯ ಕಟ್ಟೆಯ ಮೇಲೆ
ಸತ್ತು ಬಿದ್ದಿದ್ದ ಪೂವಯ್ಯ
ಇರುವೆ ಹತ್ತಿ ಎರಡು ಸಲ ಎದ್ದು ಕುಣಿದ.
ಕಾಚಂಪುಳಿ ಬೆರೆಸಿ ನೋಡಿದೆವು: ಬಣ್ಣ ಸರಿಯಾಯಿತು,
ಹೆಣಕ್ಕೆ ಹಂದಿ ಸಾರಿನ ವಾಸನೆ ಬಂತು,
ಎಲ್ಲರಿಗೂ ಹಸಿವಾಯಿತು.
ಆ ಹೊತ್ತಿಗೆ ಸಜೀರನ ಕಾಲಿಗೆ ಜಿಗಣೆ ಕಚ್ಚಿ
ಅಸಲಿ ರಕ್ತ, ನಿಲ್ಲದ ರಕ್ತ, ಸಾಕ್ಸ್ ತುಂಬ.
ಬಿಡಲಿಲ್ಲ, ಕ್ಲೋಸಪ್ ತೆಗೆದೆವು.
ನೋಡಿದರೆ ನೀರು ಹೆಚ್ಚಾದ ಶರಬತ್ತು.
ನಿಜವನ್ನು ಹಾಗೇ ತೋರಿಸಿದರೆ ಯಾರೂ ನಂಬುವುದಿಲ್ಲ ಎಂದು
ಅವತ್ತು ಅಂದುಕೊಂಡೆವು. ಅದು ಅರ್ಧ ತಪ್ಪು. ತಾಳಿ, ಹೇಳುತ್ತೇನೆ.

ಸೀರೆ ಕೇಳಲು ಹೋದದ್ದು ದೇಚಮ್ಮನ ಅಜ್ಜಿಯ ಬಳಿ.
ನೆರಿಗೆ ಬೆನ್ನಿಗೆ ಉಟ್ಟು ನಡೆದರೆ
ಕತ್ತಲಲ್ಲಿ ಬಂದಳೋ ಹೋದಳೋ ತಿಳಿಯಬಾರದು,
ಅದು ನನ್ನ ಐಡಿಯಾ.
ಅಜ್ಜಿ ಅಕ್ಕಿ ಆರಿಸುತ್ತ, ತಲೆಯೆತ್ತದೆ,
"ನಮ್ಮ ಒಕ್ಕದಲ್ಲಿ ಯಾರೂ ದೆವ್ವ ಆಗಿಲ್ಲ.
ಸತ್ತವರಿಗೆ ವರ್ಷಕ್ಕೊಮ್ಮೆ ಕೋಳಿ ಸಾರು, ಒಂದು ಗ್ಲಾಸು ಬ್ರಾಂದಿ ಇಡುತ್ತೇವೆ.
ಹೊಟ್ಟೆ ತುಂಬಿದವರು ಯಾಕಾದರೂ ಹೆದರಿಸಲು ಬರುತ್ತಾರೆ?"
ನಮ್ಮ ಕತೆಯ ಬುಡವೇ ಅಲ್ಲಾಡಿತು.
ಕೊನೆಗೆ ಒಂದು ಬೆಡ್‌ಶೀಟ್ ಕೊಟ್ಟರು,
ಒಗೆದು ವಾಪಸು ಎಂಬ ಷರತ್ತಿನ ಮೇಲೆ.

ದೆವ್ವವೂ ದೇಚಮ್ಮನೇ, ಹೆದರುವವಳೂ ದೇಚಮ್ಮನೇ.
ಹುಡುಗಿಯರು ಇದ್ದದ್ದು ಇಬ್ಬರು, ಇನ್ನೊಬ್ಬಳು ನಾನು,
ನನಗೆ "ಕಟ್" ಅನ್ನುವ ಕೆಲಸ.
ಹದಿನಾಲ್ಕು ಸಲ ಕಿರುಚಿಸಿದೆ ಅವಳನ್ನು.
ಹದಿನಾಲ್ಕನೆಯದಕ್ಕೆ ಬಂಗಲೆಯ ಪಾತ್ರೆ ಮುಗಿಸಿ
ಲೈನ್‌ಮನೆಗೆ ಹೊರಟ ಬೊಳ್ಳಿ ಬಂದಳು, ಟಾರ್ಚೂ ಇಲ್ಲದೆ.
ಬೆಡ್‌ಶೀಟು, ಪೌಡರು, ಗಲ್ಲಕ್ಕೆ ಇಳಿದ ಕಾಡಿಗೆ ಎಲ್ಲ ನೋಡಿ
"ಊಟ ಆಯ್ತಾ?" ಅಂದಳು ದೆವ್ವಕ್ಕೆ.
ಆಮೇಲೆ, "ಇಷ್ಟು ಕೂಗಬೇಡಿ. ಹಲಸು ಹಣ್ಣಾಗಿದೆ."
ನಮಗೆ ಅರ್ಥವಾಯಿತು. ಇಲ್ಲಿ ಹುಟ್ಟಿದವರೇ ನಾವು.
ಆದರೂ ಒಂದೇ ಒಂದು ಶಾಟ್, ಅಂದೆ.

ಕೊಂಬೆ ಮುರಿದದ್ದು ಗೋಡೆಯ ಹಿಂದೆ.
ಲೋಲಾಕ್ಷ ಚಂದ್ರನನ್ನು ಆರಿಸಿದ.
ಯಾರೂ ಕಿರುಚಲಿಲ್ಲ.
ಬರೆದುಕೊಳ್ಳಿ: ಯಾರೂ ಕಿರುಚಲಿಲ್ಲ.
ದೇಚಮ್ಮನ ಉಗುರು ನನ್ನ ಮಣಿಕಟ್ಟಿನಲ್ಲಿತ್ತು.
ಬೊಳ್ಳಿ ತೋಳು ಅಗಲಿಸಿ ನಮ್ಮನ್ನೆಲ್ಲ ಗೋಡೆಗೆ ಒತ್ತಿದ್ದಳು.
ಪೂವಯ್ಯ ಮೊದಲ ಬಾರಿಗೆ ಹೆಣದಂತೆ ಬಿದ್ದಿದ್ದ, ಇರುವೆ ಸಮೇತ.
ಕಲ್ಲಿನಾಚೆ ಒಂದು ಹೊಟ್ಟೆ
ದೂರದ ಘಾಟಿ ಏರುವ ಲಾರಿಯಂತೆ ಗುಡುಗುತ್ತಿತ್ತು,
ಉಸಿರಿನ ತುಂಬ ಹಲಸಿನ ಹಣ್ಣು.

ಹನ್ನೊಂದು ನಿಮಿಷ. ಅಂದಾಜಲ್ಲ,
ಸಜೀರ್ ರೆಕಾರ್ಡರ್ ಆಫ್ ಮಾಡಲು ಮರೆತಿದ್ದ.

ಕಾಫಿ ಗೋಡೌನಿನಲ್ಲಿ ಅದೇ ಬೆಡ್‌ಶೀಟ್ ಕಟ್ಟಿ ತೋರಿಸಿದೆವು.
ದೆವ್ವ ಬಂದಾಗ ಲೈನ್‌ಮನೆಯ ಮಕ್ಕಳು
ಹೊಟ್ಟೆ ಹಿಡಿದು ನಕ್ಕರು, ಹೆಸರು ಹಿಡಿದು ಕರೆದರು.
ನಡುವೆ ಎರಡು ನಿಮಿಷ ಪರದೆ ಕಪ್ಪು. ಬರೀ ಆ ಸದ್ದು.
ಮುಂದೆ ಕೂತ ಹುಡುಗನೊಬ್ಬ
ಚಾಚಿದ್ದ ಕಾಲು ಮೆಲ್ಲಗೆ ಒಳಗೆಳೆದುಕೊಂಡ.
ಹಿಂದೆ ಯಾರೋ ಎದ್ದು
ಬಾಗಿಲಿನ ಅಗುಳಿ ಹಾಕಿದೆಯೇ ಎಂದು ಮುಟ್ಟಿ ನೋಡಿದರು.

ಬೊಳ್ಳಿ ಸಿನಿಮಾ ನೋಡಲಿಲ್ಲ.
ಆ ಹೊತ್ತಿಗೆ ಅವಳು ಅದೇ ದಾರಿಯಲ್ಲಿ ಮನೆಗೆ ಹೋಗುತ್ತಿದ್ದಳು.
ಕೊನೆಯಲ್ಲಿ ಅವಳ ಹೆಸರು ಹಾಕಿದ್ದೆವು, "ಬೆಳ್ಳಿ" ಎಂದು.
ಹೆಸರು ಕೇಳಿ ಬರೆದುಕೊಳ್ಳಿ, ಒಂದಕ್ಕೆರಡು ಸಲ.

ಬೆಡ್‌ಶೀಟಿನ ಕಾಚಂಪುಳಿ ಕಲೆ ಇನ್ನೂ ಹೋಗಿಲ್ಲ.
ನಿಂಬೆಹುಳಿ, ಸುಣ್ಣ, ಸೋಡಾ ಎಲ್ಲ ಆಯಿತು.
ಅಜ್ಜಿ ಎರಡು ಸಲ ಕೇಳಿ ಕಳಿಸಿದ್ದಾರೆ.