ಅಭ್ಯಾಸದ ವೈರು

ಇಲ್ಲಿ ಹೊಸ ವೈರು ಯಾರಿಗೂ ಇಲ್ಲ.
ಹೋದ ಬ್ಯಾಚಿನವರು ಬಿಚ್ಚಿಟ್ಟದ್ದು,
ಅದಕ್ಕೂ ಹಿಂದಿನವರು ಬಿಚ್ಚಿಟ್ಟದ್ದು,
ಕೆಂಪು ಒಂದು ಸುರುಳಿ, ಕಪ್ಪು ಒಂದು ಸುರುಳಿ,
ಗೇಣಿಗೊಂದು ಯಾರದೋ ಕೈಯ ಸೊಟ್ಟ.
ತುದಿ ಸುಲಿದು ಸುಲಿದು ಪ್ರತಿ ಸಲ ಇಂಚು ಕಮ್ಮಿ.
ನನ್ನ ಪಾಲಿನ ತುಂಡಿನಲ್ಲಿ ಹಲ್ಲಿನ ಗುರುತಿದೆ.
ಸ್ಟ್ರಿಪ್ಪರ್ ಸಿಗದೆ ಕಚ್ಚಿದ್ದಾರೆ.
ನಾನೂ ಅಲ್ಲೇ ಕಚ್ಚಿದೆ.

ಕೂಡಿಗೆಯ ಈ ಶೆಡ್ಡಿನಲ್ಲಿ ನಾವು ಇಪ್ಪತ್ತೆರಡು ಮಂದಿ.
ಐದೂವರೆಗೆ ವಾರ್ಡನ್ ಅಕ್ಕನ ಸೌಟು ತಟ್ಟೆಗೆ ಬಡಿಯುತ್ತದೆ.
ಬಿಸಿನೀರು ಮೊದಲ ಆರು ಬಕೆಟ್ಟಿಗೆ ಮಾತ್ರ,
ಏಳನೆಯವಳು ಯಾವಾಗಲೂ ನಾನೇ.
ಉಪ್ಪಿಟ್ಟಿನ ಮೇಲೆ ಸಕ್ಕರೆ ಹಾಕಿಕೊಳ್ಳುವವರು ಒಂದು ಬೆಂಚು,
ಉಪ್ಪಿನಕಾಯಿಯವರು ಇನ್ನೊಂದು.

ಜೆ.ಕೆ. ಸೋಮಿ.
ಅರಕಲಗೂಡಿನ ದ್ಯಾವಪ್ಪ ಸರ್ ಮೊದಲ ಹಾಜರಿಯಲ್ಲಿ ಕೇಳಿದರು:
ಜೆ ಅಂದ್ರೆ ಊರಾ, ಕೆ ಅಂದ್ರೆ ಅಪ್ಪನಾ?
ಜೇನು, ಸಾರ್. ಕುರುಬ, ಸಾರ್.
ಶಾಲೆಗೆ ಸೇರಿಸಿದ ಮೇಷ್ಟ್ರು ಬರಕೊಂಡಿದ್ದು.
ಅಪ್ಪನ ಹೆಸರು ಕೇಳಲು ಅವರಿಗೆ ಹೊತ್ತಿರಲಿಲ್ಲ.
ಸರ್ ಪೆನ್ನಿಗೆ ಟೋಪಿ ಹಾಕಿದರು, ತೆಗೆದರು,
ಮುಂದಿನ ಹೆಸರು ಕೂಗಿದರು.

ಭಾನುವಾರ ಫೋನಿನಲ್ಲಿ ಅವ್ವ:
ಮುಟ್ಟಬೇಡ ಮಗಾ, ಅವರು ಹೇಳಿದರೂ ಮುಟ್ಟಬೇಡ.
ಅವಳಿಗೆ ಕರೆಂಟು ಅಂದರೆ ಬೇಲಿ.
ತೋಟದ ಅಂಚಿನಲ್ಲಿ ಟಿಕ್ ಟಿಕ್ ಎನ್ನುವುದು,
ಒಂದು ಬೆಳಿಗ್ಗೆ ಅದರಡಿಯಲ್ಲಿ ಮಲಗಿದ್ದ ಮರಿಯಾನೆ,
ಮೂರು ದಿನ ಅಲ್ಲೇ ನಿಂತ ತಾಯಿ.
ಇದು ಬೇರೆ ಕರೆಂಟು ಅವ್ವಾ, ಅಂದೆ.
ಬೇರೆ ಅಲ್ಲ ಅಂತ
ಎರಡನೇ ಪಾಠದಲ್ಲೇ ಬರೆದಿತ್ತು.

ಈ ವಾರ ಮೆಟ್ಟಿಲ ವೈರಿಂಗ್.
ಬಲ್ಬು ಒಂದು, ಸ್ವಿಚ್ಚು ಎರಡು:
ಕೆಳಗೆ ಹಾಕಿ ಹತ್ತಬೇಕು, ಮೇಲೆ ನಿಂತು ಆರಿಸಬೇಕು.
ಎಲ್ಲರದೂ ಉರಿಯಿತು.
ಒಂದೇ ದೀಪಕ್ಕೆ ಎರಡು ಕಡೆ ಕೈ ಯಾಕೆ,
ನನಗೆ ಹೊಳೆಯಲೇ ಇಲ್ಲ.
ನಾನು ಮಲಗಿದ ಮನೆಗಳಿಗೆಲ್ಲ ಒಂದೇ ನೆಲ.

ನೆಲ್ಯಹುದಿಕೇರಿಯ ಸಫ್ವಾನ ಪ್ಲೈವುಡ್ಡಿನ ಮೇಲೆ
ಸೀಮೆಸುಣ್ಣದಲ್ಲಿ ಗೆರೆ ಎಳೆದಳು.
ನಮ್ಮನೇಲಿ ಹದಿಮೂರು ಮೆಟ್ಟಿಲು ಇತ್ತು ಕಣೇ.
ಇಲ್ಲಿ ಒಂದು ಸ್ವಿಚ್ಚು. ಇಲ್ಲಿ ಒಂದು.
ಆ ರಾತ್ರಿ ಹೊಳೆ ಹನ್ನೊಂದರ ತನಕ ಹತ್ತಿತು,
ಲೈಟು ಹಾಕದೇನೇ.
ಹೇಳಿ ನಕ್ಕಳು. ನಾನು ಟೆಸ್ಟರ್ ಹಿಡಿದು
ಹದಿಮೂರೂ ಗೆರೆ ಎಣಿಸಿದೆ.
ಆಮೇಲೆ ಉರಿಯಿತು ನನ್ನ ಬಲ್ಬು.

ಕಾಫಿ ಕುಯ್ಲು ಶುರುವಾಗುತ್ತಲೇ ಲಿಖಿನ್ ಹೊರಟ,
ಪಾಸಿಗೆ ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕಿಯೇ ಹೊರಟ,
ಬರಲಿಲ್ಲ.
ಅವನ ಬೋರ್ಡು ಅರ್ಧಕ್ಕೆ ನೇತಾಡುತ್ತಿತ್ತು.
ಬಿಚ್ಚಿದೆವು. ಏಳು ಮೀಟರ್ ಕೆಂಪು.

ಹಾಸ್ಟೆಲಿನ ಮೆಟ್ಟಿಲಲ್ಲಿ ದೀಪವಿಲ್ಲದೆ ಎಷ್ಟು ವರ್ಷವೋ.
ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ಬಕೆಟ್ಟು ಹೊರುತ್ತೇವೆ.
ಶನಿವಾರ ಸರ್ ಊರಿಗೆ ಹೋಗಲು ಕಾದು
ಮೇನ್ ಇಳಿಸಿ ಶುರುಮಾಡಿದೆವು.
ಕೆಂಪು ಸಾಲಲಿಲ್ಲ, ಕಪ್ಪು ಸೇರಿಸಿದೆವು,
ಇಲಿಬಾಲದ ಜಾಯಿಂಟು, ಟೇಪು ಮೂರು ಸುತ್ತು.
ಕ್ಲಿಪ್ಪು ಮುಗಿದಲ್ಲಿ ಸಫ್ವಾನಳ ಹೇರ್‌ಪಿನ್ನು.
ನೋಡಲು ಒಣಹಾಕಿದ ಕರುಳು.
ಸರ್ ಕಂಡರೆ ನೂರಕ್ಕೆ ಹತ್ತು ಕೊಟ್ಟಾರು,
ಎಂಟು ಬಯ್ದಾದ ಮೇಲೆ.

ಸೋಮವಾರ ಐದೂವರೆ. ಸೌಟು ಬರಲಿಲ್ಲ.
ಕೆಳಗೆ ವಾರ್ಡನ್ ಅಕ್ಕ ಗೋಡೆ ನೋಡುತ್ತಾ ನಿಂತಿದ್ದರು,
ಕರೆಂಟು ದಂಡ ಅಂತ ಗೊಣಗಿ ಆರಿಸಿದರು.
ಮೇಲಿನಿಂದ ನಾನು ಹಾಕಿದೆ.
ಆರಿಸಿದರು.
ಹಾಕಿದೆ.
ಯಾರೇ ಅದು ಮೇಲೆ?
ನಾನು, ಅಂದೆ.
ಬೆಳಕು ಬಿದ್ದ ಮೆಟ್ಟಿಲುಗಳನ್ನು ಎಣಿಸಿದೆ,
ಹದಿನಾಲ್ಕು.