ಟಿಂಗ್

ಮೈಮೂನಾಳ ಖಾಲಾ ಮಸ್ಕತ್ತಿನಿಂದ ಕಳಿಸಿದ ಕರಡಿ,
ಅಲ್ಲಿಯ ಮಗು ಸಾಕೆಂದು ಬಿಟ್ಟದ್ದು.
ಬೆನ್ನಲ್ಲೊಂದು ಬಾಗಿಲು, ಬಾಗಿಲೊಳಗೆ ಕ್ಯಾಸೆಟ್ಟು.
ಗುಂಡಿ ಒತ್ತಿದರೆ ರೆಪ್ಪೆ ಬಡಿದು, ದವಡೆ ಕಟಕಟ ಆಡಿಸಿ
ಇಂಗ್ಲಿಷಿನಲ್ಲಿ ಕತೆ ಹೇಳುತ್ತಿತ್ತು.
ಟಿಂಗ್ ಅಂದಾಗಲೆಲ್ಲ ಹಾಳೆ ತಿರುವಬೇಕು.

ಜೊತೆಯ ಪುಸ್ತಕ ಬಂದಿರಲಿಲ್ಲ.
ದಾವಣಗೆರೆಯ ಭಟ್ಟಿ ಓಣಿಯಲ್ಲಿ, ಮಂಡಕ್ಕಿ ಚೀಲಗಳ ಮೇಲೆ ಕೂತು
ಅವಳ ಅಬ್ಬಾನ ಲೆಕ್ಕದ ಪುಸ್ತಕ ತೆರೆದೆವು.
ಟಿಂಗ್. ಹರಿಹರಕ್ಕೆ ಹದಿನೆಂಟು ಚೀಲ.
ಟಿಂಗ್. ಉಸುಕು, ಹೊಟ್ಟು, ಹಮಾಲಿ.
ಕರಡಿ ಯಾವುದಕ್ಕೋ ಬಿಕ್ಕಿ ಅಳುವಾಗ
ನಮ್ಮ ಪುಟದಲ್ಲಿ ಚೌಡಪ್ಪನ ಹಳೇ ಬಾಕಿ.

ಒಂದು ದಿನ ಕತೆಯ ಟೇಪು ಸಿಕ್ಕಿಕೊಂಡು ಹರಿಯಿತು.
ಕಾಗದ ಬರೆಯಲು ಬಾರದ ಖಾಲಾ
ಮಾತು ತುಂಬಿ ಕಳಿಸಿದ್ದ ಕ್ಯಾಸೆಟ್ಟು ಹಾಕಿದೆವು.
ದವಡೆ ಆಡಲಿಲ್ಲ.
ಕಣ್ಣು ಬಿಟ್ಟುಕೊಂಡೇ, ಮುಚ್ಚಿದ ಬಾಯಲ್ಲಿ ಕರಡಿ ಕೇಳಿತು:
"ಅಮ್ಮಾನ ಮಂಡಿನೋವು ಹೇಗಿದೆ?
ಭಟ್ಟಿ ಹೊಗೆಗೆ ಮಕ್ಕಳನ್ನ ಬಿಡಬೇಡಿ. ನಾನಿಲ್ಲಿ..."

ಟಿಂಗ್.

ಆ ಮನೆಯಲ್ಲಿ ಯಾರೋ ಒತ್ತಿದ ಗಂಟೆ.
ಚಪ್ಪಲಿ ಸದ್ದು ದೂರ ಹೋಯಿತು. ಆಮೇಲೆ ಬರೀ
ಸುರ್ ಅನ್ನುವ ಟೇಪು.

ಮೈಮೂನಾ ಹಾಳೆ ತಿರುವಿದಳು.